ಟಕ್, ಧಡ್ – ನಡುವೆ ಎಷ್ಟು ಹೊತ್ತು?

ಭೂಕಂಪದ ಸದ್ದು ಹೇಗಿರುತ್ತೆ ಗೊತ್ತಾ? ಲಿಂಗಸುಗೂರಿನ ನಮ್ಮ ಅಣ್ಣನ ಪ್ರಕಾರ, ಸೇತುವೆ ಮೇಲೆ ಭತ್ತದ ಲಾರಿ ಹೋದ ಹಾಗೆ.

ಕಳೆದ ಭಾನುವಾರ ಅವನ ಮನೆ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. (ಸಿಂಧನೂರಿನಲ್ಲಿ ನಾನು ಫಿಸಿಕ್ಸ್ ಮೇಷ್ಟ್ರು ಅನ್ನೋದು ನಿಮಗೆ ಗೊತ್ತೇ ಇದೆ. ರಜೆಯಲ್ಲೂ ಪಾಠ ಬಿಡಲ್ಲ ಅನ್ನೋದು ಮನೆಯವರ ದೂರು.) ಬುಧವಾರ ಮಸ್ಕಿಯ ಶಾಲೆಯೊಂದರಲ್ಲಿ ಮಕ್ಕಳಿಗೆ, ಪಾಲಕರಿಗೆ ವಿಜ್ಞಾನದ ಕಾರ್ಯಕ್ರಮವಿತ್ತು. ಭೂಕಂಪ ಮಾಪಕದ ಗೀಚು ಗೆರೆ ತೋರಿಸಿದರೆ ಯಾರಿಗೆ ಏನು ತಿಳಿಯುತ್ತೆ? ಅದನ್ನೇ ಸದ್ದಾಗಿಸಿ ಕೇಳಿಸೋಣ ಅಂತ ಪ್ಲಾನ್. ನೆಲದ ನಡುಕ ನಮ್ಮ ಕಿವಿಗೆ ಸಿಗದಷ್ಟು ನಿಧಾನ. ಕಂಪ್ಯೂಟರಿನಲ್ಲಿ ವೇಗ ಹೆಚ್ಚಿಸಿದರೆ ಕೇಳಿಸುತ್ತೆ.

ಸ್ಪೀಕರ್ ಗುಡುಗಿತು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ವೈನಿ, ಅಂದರೆ ಅಣ್ಣನ ಹೆಂಡತಿ, ಹಿಟ್ಟಿನ ಕೈಯಲ್ಲೇ ಹೊರಬಂದು ಏನದು ಎಂದು ಕೇಳಿದರು. ಹೇಳಿದೆ. ಸೀದಾ ಅಂಗಳಕ್ಕೆ ಹೋಗಿಬಿಟ್ಟರು.

ಆಗ ಹೊಳೆಯಿತು. ವೈನಿ ಲಾತೂರ್ ಸೀಮೆಯವರು. ಚಿಕ್ಕವರಿದ್ದಾಗ ಅಲ್ಲಿನ ಭೂಕಂಪದಲ್ಲಿ ಮನೆ ಬಿದ್ದು ತಂಗಿಯನ್ನು ಕಳಕೊಂಡವರು. ನಮ್ಮಲ್ಲಿ ಆ ಮಾತು ಯಾರೂ ಎತ್ತುವುದಿಲ್ಲ. ಅವರಿಗೆ ನೋವಾಗುತ್ತೆ ಅಂತ. (ಅಥವಾ ನಮಗೆ ಮುಜುಗರ ಅಂತಲೋ?)

ಬಂದ್ ಮಾಡಿ ಹಿಂದೆಯೇ ಹೋದೆ. "ತಪ್ಪಾತು ವೈನಿ."

"ಬಂದ್ ಯಾಕ ಮಾಡಿದಿ? ಹಚ್ಚು. ನಾ ಇಲ್ಲೇ ಹೊರಗ ಕುಂತು ಕೇಳ್ತೀನಿ."

ಲ್ಯಾಪ್‌ಟಾಪ್ ಅಂಗಳಕ್ಕೇ ತಂದು ಹಚ್ಚಿದೆ.

"ಮೊದಲು ಸಣ್ಣಗ ಬಂತು, ಆಮ್ಯಾಲೆ ದೊಡ್ಡದಾತು. ಅದ್ಯಾಕ?"

ಅಲೆಗಳು ಎರಡು ಥರ, ಸಣ್ಣದು ಬೇಗ ಓಡಿ ಬರುತ್ತೆ, ದೊಡ್ಡದು ಹಿಂದಿನಿಂದ ಬರುತ್ತೆ ಎಂದು ವಿವರಿಸಿದೆ.

"ನಡುವ ಎಷ್ಟೊತ್ತು?"

"ದೂರದ್ದಾದ್ರ ನಿಮಿಷಗಟ್ಟಲೆ. ಕಾಲ ಬುಡಕ ಆದ್ರ ಭಾಳ ಕಡಿಮಿ."

"ಕೇಳಸ್ತೀ ಏನು?"

ಹತ್ತಿರದಲ್ಲೇ ದಾಖಲಾದ ಇನ್ನೊಂದು ಭೂಕಂಪದ ಡೇಟಾ ಇತ್ತು. ಸಣ್ಣ ಅಲೆ ಮುಟ್ಟಿದ ಕ್ಷಣಕ್ಕೆ ಟಕ್, ದೊಡ್ಡದು ಮುಟ್ಟಿದಾಗ ಧಡ್ ಎಂಬ ಸದ್ದು ನಾನೇ ಜೋಡಿಸಿದೆ. ಈ ಸಲ ವೇಗ ಹೆಚ್ಚಿಸಲಿಲ್ಲ. ನಿಜವಾದ ಅಂತರವನ್ನೇ ಇಟ್ಟೆ.

ಟಕ್. ಧಡ್.

"ಇಷ್ಟ ಹೊತ್ತೇನು?"

"ಇಷ್ಟ. ನಿಮ್ಮೂರಾಗ ಹೆಂಗಾತು ಅಂತ ಖರೇ ನನಗ ಗೊತ್ತಿಲ್ಲ ವೈನಿ. ಆದ್ರ ಹತ್ತಿರದ್ದು ಹಿಂಗ ಇರ್ತೈತಿ."

ಮತ್ತೆ ಹಚ್ಚಿಸಿದರು. ಟಕ್ ಕೇಳುತ್ತಲೇ ಪಕ್ಕಕ್ಕೆ ಕೈ ಚಾಚಿದರು. ಅರ್ಧಕ್ಕೇ ಧಡ್. ಇನ್ನೊಮ್ಮೆ ಚಾಚಿದರು. ಆಗಲೂ ಅಷ್ಟೇ.

"ಆಕಿ ನನ್ನ ಬಾಜೂಕ ಮಲಗಿದ್ಲು. ತೊಲಿ ಅಡ್ಡ ಬಿದ್ದು ನಾ ಉಳದೆ. ಕೈ ಹಿಡದು ಎಳಕೊಂಡಿದ್ರ ಆಕೀನೂ ಉಳೀತಿದ್ಲು ಅಂತ ಇವತ್ತಿನ ತನಕ ಅನ್ಕೊಂಡು ಬಂದೀನಿ." ಸೆರಗಿನಿಂದ ಕಣ್ಣೊರೆಸಿಕೊಂಡರು. "ಟೈಮ ಇರಲಿಲ್ಲ ನೋಡು."

ಅಣ್ಣ ಬಂದು ಪಕ್ಕದಲ್ಲಿ ಕೂತ. ಆ ದಿನ ರೊಟ್ಟಿ ಅವನೇ ಬಡಿದ. (ಹೇಗಿತ್ತು ಎಂದು ಕೇಳಬೇಡಿ.)

ಬುಧವಾರ ವೈನಿಯೂ ಮಸ್ಕಿಗೆ ಬಂದರು. ಸದ್ದು ಕೇಳಿಸಿದ ಮೇಲೆ ಹಿರಿಯರೊಬ್ಬರು, "ಇದು ಮೊದಲ ಹೇಳ್ತೈತೇನ್ರಿ, ಭೂಕಂಪ ಆಗ್ತೈತಿ ಅಂತ?" ಎಂದರು. ಇಲ್ಲ ಎಂದೆ.

"ಮತ್ತ ಕೇಳಿ ಏನ್ ಉಪಯೋಗ?"

ವೈನಿ ಎದ್ದು ನಿಂತರು. "ನನಗ ಉಪಯೋಗ ಆಗೈತ್ರಿ," ಎಂದು ತಂಗಿಯ ಕತೆ ಹೇಳಿದರು. ಮುಂದೆ ಕೂತ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು, "ಅವರ ಹೆಸರು ಏನಿತ್ರಿ?"

"ಸುನಂದಾ."

ಇಷ್ಟು ವರ್ಷ ಅವರ ಕೈ ರೊಟ್ಟಿ ಉಂಡ ನಾವು ಒಬ್ಬರಾದರೂ ಆ ಹೆಸರು ಕೇಳಿದ್ದೆವಾ?