ಸಿಮೆಂಟ್ ಕಣದ ಕಾಲ್ಚೆಂಡು

ನಮ್ಮ ಅಕ್ಕಿ ಗಿರಣಿಯ ಬಾಯ್ಲರ್ ಗೋಡೆ ರಸ್ತೆಗೆ ಬೆನ್ನು ಹಾಕಿ ನಿಂತಿತ್ತು. ಭತ್ತ ಕುದಿಸಿದ ದಿನ ಆ ಗೋಡೆ ಮಾರನೆಯ ಬೆಳಗಿನವರೆಗೂ ಬೆಚ್ಚಗಿರುತ್ತಿತ್ತು. ಹಾಗಾಗಿ ಶಿಕಾರಿಪುರದಲ್ಲಿ ಮನೆಯಿಲ್ಲದವರು ಅದರ ಬುಡದ ಕಟ್ಟೆಯ ಮೇಲೆ ಸಾಲಾಗಿ ಮಲಗುತ್ತಿದ್ದರು. ಲಾರಿಗಳು ಬರುವ ಮೊದಲು ಕಟ್ಟೆ ಖಾಲಿಯಾಗಬೇಕು. ಆ ಕೆಲಸಕ್ಕೆ ನಮ್ಮ ವಾಚ್‌ಮನ್ ಇದ್ದ. ಐದೂವರೆಗೆ ಅವನು ಸೀಟಿ ಊದುತ್ತಿದ್ದ, ಒಂದೇ ಸಲ, ಉದ್ದಕ್ಕೆ. ಅದು ನಿಲ್ಲುವುದರೊಳಗೆ ಎದ್ದವರು ಬಚಾವ್. ಏಳದವರ ಅಂಗಾಲಿಗೆ ಬಡಿಗೆ ಬೀಳುತ್ತಿತ್ತು. ನಮ್ಮ ಅಡುಗೆಮನೆಯ ಕಿಟಕಿಗೆ ಆ ಸದ್ದು ಚೆನ್ನಾಗಿ ಕೇಳುತ್ತಿತ್ತು. ಒಗೆಯುವ ಕಲ್ಲಿಗೆ ಒದ್ದೆ ಟವೆಲ್ ಬಡಿದ ಹಾಗೆ. ಮದುವೆಯಾಗಿ ಬಂದ ಮೊದಲ ವಾರ ನನಗೆ ಅನ್ನ ಸೇರಲಿಲ್ಲ. ಆಮೇಲೆ ಅದನ್ನು ಕೇಳುತ್ತಲೇ ಕಾಫಿ ಸೋಸುವುದು ರೂಢಿಯಾಯಿತು. ತೊಂಬತ್ತರ ದಶಕದ ನಡುವಿಗೆ ಬರುವಷ್ಟರಲ್ಲಿ ಹನ್ನೊಂದು ವರ್ಷ ಹಾಗೆ ಸೋಸಿದ್ದೆ.

ಕಟ್ಟೆಯ ಮೇಲೆ ಗಂಡ ಹೆಂಡಿರ ಒಂದು ಜೋಡಿ ಇತ್ತು. ಅವನು ಉಡುತಡಿ ಕಡೆಯವನು, ನಮ್ಮಲ್ಲೇ ಮೂಟೆ ಹೊರುವ ಹಮಾಲಿ. ಊರಿನಲ್ಲಿ ಮನೆಯ ಗೋಡೆ ಬಿದ್ದ ಮೇಲೆ ಜಾಗಕ್ಕೆ ಅಣ್ಣಂದಿರು ಬೇಲಿ ಹಾಕಿಕೊಂಡಿದ್ದರು. ಅವಳು ಲಾರಿ ಹೋದ ಮೇಲೆ ಚೆಲ್ಲಿದ ಭತ್ತ ಗುಡಿಸಿ, ಮೊರದಲ್ಲಿ ಕೇರಿ, ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಅವಳ ಎಡಗಾಲಿನ ಹೆಬ್ಬೆರಳು ಒಂದು ಕಡೆಗೆ ತಿರುಗಿತ್ತು. ಅದೂ ಬಡಿಗೆಯ ಕೆಲಸವೇ. ಹಿಂದಿನ ಮಳೆಗಾಲದಲ್ಲಿ ಅವಳ ಒಂದು ತಿಂಗಳ ಕೂಸು ಅದೇ ಕಟ್ಟೆಯ ಮೇಲೆ ಜ್ವರ ಬಂದು ತೀರಿಹೋಗಿತ್ತು. ಈಗ ಮತ್ತೆ ಬಸಿರಾಗಿ ಆರು ತಿಂಗಳಾಗಿತ್ತು.

"ಅಕ್ಕಾರೆ, ಈ ಸಲ ಮಳಿ ಹಿಡಿಯೋದ್ರೊಳಗ ನಾಲ್ಕು ಗೋಡಿ ಬೇಕ್ರಿ," ಎಂದಳು ಒಂದು ದಿನ ಹಿತ್ತಲ ಬಾಗಿಲಲ್ಲಿ. "ಗಿರಣಿ ಹಿಂದ ತೌಡಿನ ಗೋದಾಮು ಖಾಲಿ ಬಿದ್ದೈತಿ. ಇಲಿ ಅದಾವ ಅಂತಾರ. ಇರ್ಲಿ ಬಿಡ್ರಿ, ಇಲಿ ಏನು ಬಡಿಗಿ ಹಿಡಕೊಂಡು ಬರ್ತಾವೇನ್ರಿ?"

ಗೋದಾಮಿನ ಕೀಲಿ ಇದ್ದದ್ದು ಭಾವನವರ ಹತ್ತಿರ, ಅಂದರೆ ನನ್ನ ಗಂಡನ ಅಣ್ಣನ ಹತ್ತಿರ. ನಮ್ಮ ಮನೆಯಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತನಾಡುವ ಪದ್ಧತಿ ಇರಲಿಲ್ಲ. ನನ್ನ ಮಾತು ಅತ್ತೆಯ ಮೂಲಕವೋ ಗಂಡನ ಮೂಲಕವೋ ಹೋಗಬೇಕು, ಉತ್ತರ ಅದೇ ದಾರಿಯಲ್ಲಿ ಬರಬೇಕು. ಒಂದೇ ಪಡಸಾಲೆಯಲ್ಲಿ ಇದ್ದರೂ ಅಷ್ಟೆ. ಇಂಗ್ಲಿಷಿನಲ್ಲಿ ಭಾಷಣಸ್ಪರ್ಧೆ ಗೆದ್ದ ನಾನು ಆ ಮನೆಯಲ್ಲಿ ಭಾವನವರಿಗೆ ಒಂದು ಲೋಟ ನೀರು ಬೇಕೇ ಎಂದು ಕೂಡ ಕೇಳಿದವಳಲ್ಲ.

ದಾರಿ ತೋರಿಸಿದ್ದು ನನ್ನ ಹಳೆಯ ಸಿಸ್ಟರ್. ಶಿವಮೊಗ್ಗದ ಕಾನ್ವೆಂಟಿನಲ್ಲಿ ನಮಗೆ ಡ್ರಿಲ್ ಹೇಳಿಕೊಟ್ಟವರು. ನಿಲುವಂಗಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ ಫುಟ್‌ಬಾಲ್ ಆಡುತ್ತಿದ್ದರು. ಈಗ ಸೊರಬದಲ್ಲಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಮಲಗುವವರಿಗೆ ಮಧ್ಯಾಹ್ನ ಗಂಜಿ ಹಾಕುತ್ತಿದ್ದರು, ಸಂಜೆ ಅವರಿಗೆ ಒಂದು ಚೆಂಡು ಕೊಟ್ಟು ಬೀದಿಯಲ್ಲೇ ಆಡಿಸುತ್ತಿದ್ದರು. "ಗಂಜಿ ತಿನ್ನುವಾಗ ತಲೆ ತಗ್ಗಿಸಿರ್ತಾರೆ. ಚೆಂಡು ಬಂದಾಗ ತಲೆ ಎತ್ತುತ್ತಾರೆ. ನಿಮ್ಮ ಊರಲ್ಲೂ ಒಂದು ಪಂದ್ಯ ಇಡೋಣ, ಜನ ಇವರ ಮುಖ ನೋಡಲಿ," ಎಂದು ಬರೆದಿದ್ದರು.

ನಾನು ಅತ್ತೆಗೆ ಹೇಳಿದೆ. ಅತ್ತೆ ಭಾವನವರಿಗೆ ಹೇಳಿದರು. ನಾನು ಕಂಬದ ಹಿಂದೆ ನಿಂತಿದ್ದೆ.

"ಭಾನುವಾರ ಭತ್ತ ಒಣಗಿಸೋ ಕಣ ಖಾಲಿ ಇರುತ್ತ, ತಗೊಳ್ಲಿ," ಎಂದರು ಭಾವನವರು. "ನಾಕು ಮಂದಿ ನೋಡ್ಲಿ. ಸುಮ್ಮನೆ ಆಡಿ ಸುಮ್ಮನೆ ಹೋದ್ರೆ ಅವತ್ತೇ ಗೋದಾಮಿನ ಕೀಲಿ ಕೊಡ್ತೀನಿ, ಮಳಿಗಾಲ ಪೂರ್ತಿ ಇರ್ಲಿ. ಆದ್ರೆ ಅವರ ಪೈಕಿ ಒಬ್ಬ ಮೊದ್ಲು ಕೈ ಎತ್ತಿದ್ರೂ ಮುಗೀತು ಅಂತ ಹೇಳವ್ವ."

ಅತ್ತೆ ಕಂಬದ ಕಡೆ ತಿರುಗಿ ಅದಷ್ಟನ್ನೂ ಮತ್ತೆ ಹೇಳಿದರು.

ಇನ್ನು ನನ್ನ ತಪ್ಪು. ರೆಫರಿಗೆ ಸೀಟಿ ಬೇಕಲ್ಲ. ಗಿರಣಿಯಲ್ಲಿ ಸೀಟಿ ಇದ್ದದ್ದು ವಾಚ್‌ಮನ್ ಹತ್ತಿರ. ನಾನು ಅವನನ್ನು ಹಿತ್ತಲಿಗೆ ಕರೆಸಿ, ಬಚ್ಚಲಿನ ಬೂದಿಯಲ್ಲಿ ಗೆರೆ ಎಳೆದು, ನಾಲ್ಕು ದಿನ ಆಟದ ನಿಯಮ ಹೇಳಿಕೊಟ್ಟೆ. ಚೆನ್ನಾಗಿ ಕಲಿತ. ಅವನು ಬೇರೆ ಯಾವಾಗ ಆ ಸೀಟಿ ಊದುತ್ತಾನೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಆ ಭಾನುವಾರ ಕಣದ ಎರಡು ತುದಿಗೆ ಭತ್ತದ ಚೀಲ ನಿಲ್ಲಿಸಿ ಗೋಲು ಮಾಡಿದ್ದೆವು. ಶಿಕಾರಿಪುರದ ಎರಡು ತಂಡ, ಸೊರಬದ ಎರಡು ತಂಡ, ಒಂದೊಂದರಲ್ಲಿ ನಾಲ್ಕು ಜನ, ಎಲ್ಲರೂ ಬರಿಗಾಲು. ಸೊರಬದವರು ಟೆಂಪೊದಲ್ಲಿ ಬಂದರು. ತಕ್ಕಡಿಯ ಮಾಡಿನ ನೆರಳಲ್ಲಿ ಭಾವನವರು, ಪಕ್ಕದಲ್ಲಿ ನನ್ನ ಗಂಡ, ಇನ್ನೊಂದಿಷ್ಟು ವ್ಯಾಪಾರಸ್ಥರು ಕುರ್ಚಿ ಹಾಕಿಕೊಂಡಿದ್ದರು. ಸುತ್ತಲೂ ಲಾರಿಯವರು, ಬೀದಿಯವರು.

ವಾಚ್‌ಮನ್ ಮೊದಲ ಸೀಟಿ ಊದಿದ. ನಮ್ಮ ತಂಡದ ನಾಲ್ವರೂ ಎರಡೂ ಕೈ ತಲೆಯ ಮೇಲಿಟ್ಟು ಕುಗ್ಗಿದರು. ಒಬ್ಬನಂತೂ ಕಣದ ಅಂಚಿಗೆ ಓಡಿ ತನ್ನ ಗಂಟು ಎತ್ತಿಕೊಂಡ. ಚೆಂಡು ನಡುವೆ ಒಂಟಿಯಾಗಿ ಬಿದ್ದಿತ್ತು.

ಜನ ನಕ್ಕ ನಗು ಗಿರಣಿಯ ತಗಡಿಗೆ ಬಡಿದು ವಾಪಸ್ ಬಂತು. "ಎದ್ದೇಳ್ರೋ, ಲಾರಿ ಬಂತು!" ಎಂದು ಯಾರೋ ಕೂಗಿದ. ವಾಚ್‌ಮನ್‌ನ ಮುಖದಲ್ಲಿ ಒಂದು ಸಂತೋಷ ಮೂಡಿತು. ಊರಿನ ದೊಡ್ಡವರನ್ನು ನಗಿಸುವ ಭಾಗ್ಯ ಅವನಿಗೆ ಅದೇ ಮೊದಲು. ಮತ್ತೆ ಊದಿದ. ಕಾರಣವಿಲ್ಲದೆ ಊದಿದ. ಊದಿದಾಗಲೆಲ್ಲ ಆ ಹೆಗಲುಗಳು ತಾವಾಗಿಯೇ ಮೇಲಕ್ಕೆ ಹೋಗುತ್ತಿದ್ದವು.

"ಇವನನ್ನ ರೆಫರಿ ಮಾಡಿದ್ದು ಯಾರು?" ಎಂದರು ಸಿಸ್ಟರ್.

"ನಾನೇ ಸಿಸ್ಟರ್."

"ಈಗಲೇ ಬದಲಾಯಿಸು."

ನಾನು ಗಂಡನ ಹತ್ತಿರ ಹೋಗಿ ಪಿಸುಗುಟ್ಟಿದೆ. ಅವರು ಅಣ್ಣನ ಕಡೆ ನೋಡಿದರು. ಭಾವನವರು ಹೊಟ್ಟೆ ಹಿಡಿದು ನಗುತ್ತಿದ್ದರು. "ಈಗ ಬ್ಯಾಡ, ಆಟ ನಡೀಲಿ," ಎಂದರು ನನ್ನ ಗಂಡ.

ಆಟ ನಡೆಯಿತು. ಆದರೆ ಅದು ನಾನು ಕಾನ್ವೆಂಟಿನ ಹುಲ್ಲಿನ ಮೇಲೆ ಆಡಿದ ಆಟವಲ್ಲ. ಮೇ ತಿಂಗಳ ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಬಿದ್ದವನ ಮೊಣಕಾಲಿನ ಚರ್ಮ ಅಲ್ಲೇ ಉಳಿಯುತ್ತಿತ್ತು. ಮೂಲೆಯಲ್ಲಿ ಉಳಿದಿದ್ದ ಭತ್ತದ ಕಾಳು ಗಾಯಕ್ಕೆ ಅಂಟುತ್ತಿತ್ತು. ಒಬ್ಬನ ಕಾಲಿನ ಉಗುರು ಎದ್ದು ನಿಂತಿತು. ಅವನು ಕೂತು, ಅದನ್ನು ಹಲ್ಲಿನಿಂದ ಕಚ್ಚಿ ಕಿತ್ತು ಉಗಿದು, ಮತ್ತೆ ಓಡಿದ. ಸೊರಬದ ಗೋಲಿನವನಿಗೆ ಚೆಂಡು ಮುಖಕ್ಕೆ ಬಡಿದು ತುಟಿ ಸೀಳಿತು. "ಎಂತ ಮಾರಾಯಾ, ಬೆಳಗಿಂದ ಬಾಯಿಗೆ ಎಂತದೂ ಬಿದ್ದಿರಲಿಲ್ಲ, ಇದಾದ್ರೂ ಬಿತ್ತಲ್ಲ," ಎಂದು ಕೆಂಪು ಹಲ್ಲು ತೋರಿಸಿ ನಕ್ಕ. ಇಷ್ಟಾದರೂ ಯಾರೂ ಯಾರ ಮೇಲೂ ಕೈ ಎತ್ತಲಿಲ್ಲ. ಭಾವನವರ ಷರತ್ತು ಎಲ್ಲರಿಗೂ ಗೊತ್ತಿತ್ತು. ಬಿದ್ದವರು ಬೀಳಿಸಿದವನ ಕೈ ಹಿಡಿದೇ ಏಳುತ್ತಿದ್ದರು.

ಕೊನೆಯ ಪಂದ್ಯ ನಮ್ಮ ಕಟ್ಟೆಯವರಿಗೂ ಸೊರಬದ ಒಂದು ತಂಡಕ್ಕೂ. ಹಮಾಲಿ ಮೂಟೆ ಹೊತ್ತ ಕಾಲಿನವನು, ಚೆಂಡನ್ನು ಅಂಗಾಲಿನಡಿ ಅಡಗಿಸಿಕೊಂಡು ಇಬ್ಬರನ್ನು ದಾಟಿದ. ಅವನ ಹೆಂಡತಿ ಚೀಲಗಳ ಪಕ್ಕ ನಿಂತು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, "ಹೊಡೀರಿ, ಹೊಡೀರಿ ಮತ್ತ!" ಎಂದು ಕೂಗುತ್ತಿದ್ದಳು. ಎದುರಿಗೆ ಗೋಲು ಖಾಲಿ.

ಆಗ ಸೀಟಿ. ಉದ್ದಕ್ಕೆ.

ಅವನ ಕಾಲು ನಿಂತಿತು, ಕೈ ತಲೆಗೆ ಹೋಯಿತು. ಹಿಂದಿನಿಂದ ಓಡಿ ಬರುತ್ತಿದ್ದ ಸೊರಬದ ಗಡ್ಡದವನಿಗೆ ನಿಲ್ಲಲಾಗಲಿಲ್ಲ. ಇಬ್ಬರೂ ಉರುಳಿದರು. ಹಮಾಲಿಯ ಮುಖ ಸಿಮೆಂಟಿಗೆ ಬಡಿಯಿತು. ಒಣ ಕಟ್ಟಿಗೆ ಮುರಿದಂಥ ಸದ್ದು ನಾನು ನಿಂತಲ್ಲಿಗೆ ಕೇಳಿತು. ಮೂಗಿನಿಂದ ರಕ್ತ ಬಂದದ್ದಲ್ಲ, ಸುರಿಯಿತು. ಅವನು ಏಳಲಿಲ್ಲ.

ವಾಚ್‌ಮನ್ ಅವನ ಹತ್ತಿರ ಹೋದ. "ಏಳೋ. ಎದ್ದೇಳೋ ಮಗನೇ," ಎಂದ, ಬೆಳಗಿನ ಅದೇ ದನಿಯಲ್ಲಿ. ಅಭ್ಯಾಸವೋ, ಜನ ನಗಲೆಂದೋ, ಬಡಿಗೆ ಎತ್ತಿ ಅವನ ಅಂಗಾಲಿಗೆ ಒಂದು ಬಿಟ್ಟ. ಇನ್ನೊಂದು ಬಿಟ್ಟ. ಹಮಾಲಿ ಎರಡೂ ಕೈಯನ್ನು ಎದೆಯಡಿ ಒತ್ತಿ ಹಿಡಿದುಕೊಂಡ. ಅದು ನೋವಿಗಲ್ಲ. ಕೈ ಎತ್ತಬಾರದೆಂದು.

ಮೂರನೆಯದು ಬೀಳಲಿಲ್ಲ. ಗಡ್ಡದವನು ಎದ್ದು ವಾಚ್‌ಮನ್‌ನ ಮುಖಕ್ಕೆ ತಲೆಯಿಂದ ಗುದ್ದಿದ. ಸೀಟಿ ಇನ್ನೂ ಬಾಯಲ್ಲೇ ಇತ್ತು. ಅದು ಎರಡು ಹಲ್ಲಿನ ಜೊತೆ ಹೊರಗೆ ಬಂತು.

ಆಮೇಲೆ ಕಣ ಕಣವಾಗಿ ಉಳಿಯಲಿಲ್ಲ. ಲಾರಿಯವರು ನುಗ್ಗಿದರು. ಅವರಿಗೆ ಯಾರ ಪರ ಎಂಬುದಿರಲಿಲ್ಲ, ಕೈಗೆ ಕೆಲಸ ಬೇಕಿತ್ತು. ಭತ್ತ ಹರಡುವ ಉದ್ದ ಹಿಡಿಕೆಯ ಹಲಗೆಗಳು ಬೆನ್ನುಗಳ ಮೇಲೆ ಎದ್ದು ಬಿದ್ದವು. ಉಗುರು ಕಿತ್ತುಕೊಂಡಿದ್ದವನನ್ನು ಮೂವರು ಸೇರಿ ಒದ್ದರು. ಸೀಳಿದ ತುಟಿಯವನ ತಲೆಯನ್ನು ಯಾರೋ ಚೀಲಕ್ಕೆ ಒತ್ತಿ ಹಿಡಿದಿದ್ದ. ಚೀಲ ಒಡೆದು ಭತ್ತ ಹರಿಯಿತು, ಅದರ ಮೇಲೆ ಕಾಲಿಟ್ಟವರು ಜಾರಿ ಬಿದ್ದರು, ಬಿದ್ದವರನ್ನು ತುಳಿದರು. ಸಿಸ್ಟರ್ ಅವರ ತಲೆವಸ್ತ್ರ ಕಳಚಿ ಹೋಗಿತ್ತು. ನರೆತ ಚೋಟುಗೂದಲಲ್ಲಿ ಅವರು ಒಬ್ಬ ಲಾರಿಯವನ ಕೊರಳಪಟ್ಟಿ ಹಿಡಿದು ಕೆನ್ನೆಗೆ ಬಾರಿಸುತ್ತಿದ್ದರು. ಹಮಾಲಿಯ ಹೆಂಡತಿ ಗಂಡನ ಮೇಲೆ ಬಗ್ಗಿ ಅವನ ತಲೆಗೆ ಬೀಳುವ ಏಟಿಗೆ ತನ್ನ ಬೆನ್ನನ್ನು ಒಡ್ಡಿದ್ದಳು. ಒಂದು ಹಲಗೆ ಅವಳ ಮೊಣಕೈಗೆ ತಾಗಿ ಬಳೆ ಒಡೆದು ಹಸಿರು ಚೂರು ರಕ್ತದಲ್ಲಿ ಬಿತ್ತು. ನಾನು ಕಿರುಚಿದೆನೋ ಇಲ್ಲವೋ ನೆನಪಿಲ್ಲ. ನನ್ನ ಕೈಯಲ್ಲಿ ಪಾನಕದ ಲೋಟವೊಂದು ಇತ್ತು. ಅದರಲ್ಲಿ ಒಂದು ಹನಿಯೂ ಚೆಲ್ಲಿರಲಿಲ್ಲ.

ಭಾವನವರು ಬಾಯ್ಲರಿನ ಬಿಸಿನೀರಿನ ಪೈಪು ಬಿಡಿಸಿದ ಮೇಲೆಯೇ ಜನ ಬೇರೆಯಾದದ್ದು.

ಅವರು ಕಣದ ನಡುವೆ ಬಂದು ನಿಂತರು. "ಮೊದ್ಲು ಹೊಡೆದಿದ್ದು ಯಾರು?" ವಾಚ್‌ಮನ್ ರಕ್ತದ ಬಾಯಿ ಒರೆಸಿಕೊಳ್ಳುತ್ತ ಗಡ್ಡದವನನ್ನು ತೋರಿಸಿದ. ಗಡ್ಡದವನು, "ಹೊಡೆದೆ, ಸರಿ. ಅದಕ್ಕೆ ಮೊದಲು ಎಂತ ಆಯ್ತು ಕೇಳಿ," ಎಂದ. ವ್ಯಾಪಾರಸ್ಥರು ನೆಲ ನೋಡಿದರು.

ಭಾವನವರು ನನ್ನ ಗಂಡನಿಗೆ ಹೇಳಿದರು: "ಅವಳು ಹತ್ತಿರಾನೇ ಇದ್ಲು. ಕೇಳು."

ನನ್ನ ಗಂಡ ನನ್ನ ಕಡೆ ತಿರುಗಿದರು. ನಾನು ಮೆಲ್ಲಗೆ, ಆದರೆ ಸ್ಪಷ್ಟವಾಗಿ ಹೇಳಿದೆ: "ವಾಚ್‌ಮನ್ ಎರಡು ಸಲ ಬಡಿಗೆಯಲ್ಲಿ ಹೊಡೆದ. ಬಿದ್ದವನಿಗೆ. ಆಮೇಲೆ ಇವನು."

ನನ್ನ ಗಂಡ ಜನರ ಕಡೆ ಕಣ್ಣಾಡಿಸಿದರು. ಸುತ್ತ ಊರೇ ನಿಂತಿತ್ತು. ಗಿರಣಿಯ ಮಾನ ಅವರ ಕಣ್ಣಲ್ಲಿ ಓಡಾಡಿದ್ದು ನನಗೆ ಕಂಡಿತು. ಅಣ್ಣನ ಕಡೆ ತಿರುಗಿ, "ಸರಿಯಾಗಿ ಕಾಣ್ಲಿಲ್ಲಂತೆ," ಎಂದರು.

ಭಾವನವರಿಗೂ ನನಗೂ ನಡುವೆ ನಾಲ್ಕು ಮಾರು. ನಾನು ಬಾಯಿ ತೆರೆಯಲಿಲ್ಲ.

"ಹಂಗಾರೆ ಮುಗೀತು," ಎಂದು ಅವರು ಕೀಲಿಗೊಂಚಲು ಜೇಬಿಗೆ ಹಾಕಿಕೊಂಡರು.

ಹಮಾಲಿಯನ್ನು ಸೊರಬದವರೇ ತಮ್ಮ ಟೆಂಪೊಗೆ ಎತ್ತಿ ಹಾಕಿಕೊಂಡರು. ಹೆಂಡತಿ ಹಿಂದೆ ಹತ್ತಿದಳು. ನಾನು ಒದ್ದೆ ಬಟ್ಟೆ ಕೊಡಲು ಹೋದೆ. ಅವಳು ಅದನ್ನು ತೆಗೆದುಕೊಂಡು ಗಂಡನ ಮುಖಕ್ಕೆ ಒತ್ತುತ್ತ ಕೇಳಿದಳು: "ಅಕ್ಕಾರೆ, ನೀವು ಅಂದಿದ್ದು ನನಗ ಕೇಳ್ತು. ಮತ್ತೊಮ್ಮೆ ದೊಡ್ಡ ಸಾವ್ಕಾರ್ರಿಗೇ ಹೇಳಿದ್ರ ಮನ್ಯಾಗ ನಿಮಗ ಹೊಡೀತಿದ್ರೇನ್ರಿ?"

ಅವಳು ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದಳು. ಹೌದೆಂದಿದ್ದರೆ ನನ್ನನ್ನು ಸಮಾಧಾನ ಮಾಡುತ್ತಿದ್ದಳೇನೋ.

"ಇಲ್ಲ," ಎಂದೆ. "ನಮ್ಮ ಮನೆಯಲ್ಲಿ ನನ್ನ ಮೇಲೆ ಯಾರೂ ಕೈ ಮಾಡಲ್ಲ."

ಅವಳು ತಲೆಯಾಡಿಸಿದಳು. ಟೆಂಪೊ ಹೊರಟಿತು.

ಸಂಜೆ ಭಾವನವರು ಹಿತ್ತಲ ನಲ್ಲಿಯಲ್ಲಿ ಕೈಕಾಲು ತೊಳೆಯುತ್ತಿದ್ದರು. ನಾನು ಹೋಗಿ ಎದುರಿಗೆ ನಿಂತೆ. ಸೆರಗು ತಲೆಯ ಮೇಲಿರಲಿಲ್ಲ, ಅದನ್ನು ಎಳೆದುಕೊಳ್ಳುವುದೂ ಮರೆತಿತ್ತು. ವಾಚ್‌ಮನ್ ಮೊದಲು ಹೊಡೆದದ್ದು, ನಾನು ಅದನ್ನೇ ಹೇಳಿದ್ದು, ಅದು ಅವರಿಗೆ ಬೇರೆಯಾಗಿ ಮುಟ್ಟಿದ್ದು, ಎಲ್ಲವನ್ನೂ ಹೇಳಿದೆ. ಅವರು ನಲ್ಲಿ ನಿಲ್ಲಿಸಿದರು. ಅತ್ತೆ ಬಾಗಿಲಿಗೆ ಬಂದವರು ಅಲ್ಲೇ ನಿಂತರು, ಆದರೆ ಭಾವನವರು ಅವರ ಕಡೆ ನೋಡಲಿಲ್ಲ.

"ಆಗ್ಲೇ ಹೇಳಬೇಕಿತ್ತು ನೀನು," ಎಂದರು ನನಗೇ. "ಅಲ್ಲೇ ಕೀಲಿ ಕೊಟ್ಟುಬಿಡ್ತಿದ್ದೆ."

ಮಾರನೆಯ ಬೆಳಿಗ್ಗೆ ಅವರು ಕೀಲಿಯನ್ನು ಅಡುಗೆಮನೆಯ ಹೊಸ್ತಿಲ ಮೇಲೆ ಇಟ್ಟು ಹೋದರು. ವಾಚ್‌ಮನ್‌ನನ್ನು ತಕ್ಕಡಿ ಕಡೆಗೆ ಹಾಕಿದರು. ಕಟ್ಟೆಯ ಮೇಲಿನ ಉಳಿದ ಮೂರು ಸಂಸಾರ ಆ ಮಳೆಗಾಲವನ್ನು ಗೋದಾಮಿನಲ್ಲಿ ಕಳೆದವು. ಮೊದಲು ಕೇಳಿದ್ದ ಹಮಾಲಿಯ ಹೆಂಡತಿಗಾಗಿ ಒಂದು ಮೂಲೆ ಬಿಡಿಸಿಟ್ಟು, ಅದೇ ವಾರ ನಾನು ಬಸ್ಸು ಹತ್ತಿ ಸೊರಬಕ್ಕೆ ಹೋದೆ.

ಗಂಡ ಹೆಂಡತಿಗೆ ಸಿಸ್ಟರ್ ಗಂಜಿಮನೆಯ ಪಕ್ಕದ ಸೌದೆಕೋಣೆಯನ್ನು ಖಾಲಿ ಮಾಡಿಕೊಟ್ಟಿದ್ದರು. ಹಮಾಲಿ ಹೊರಗೆ ಕೂತು ಸೌದೆ ಒಡೆಯುತ್ತಿದ್ದ. ಮೂಗು ಊದಿ ಕಣ್ಣು ಎರಡು ಗೀರಾಗಿದ್ದವು. ನಾನು ಗೋದಾಮಿನ ವಿಷಯ ಹೇಳಿದೆ.

"ನಾನೇನೋ ಬಂದೇನ್ರಿ ಅಕ್ಕಾರೆ," ಎಂದ ಮೂಗಿನಲ್ಲೇ. "ಒಳಗ ಕೇಳ್ರಿ."

ಒಳಗೆ ಅವಳು ಮೊಣಕಾಲೂರಿ, ಹೊಟ್ಟೆಯನ್ನು ಒಂದು ಕಡೆ ಹೊಂದಿಸಿಕೊಂಡು, ಸಗಣಿಯಿಂದ ನೆಲ ಸಾರಿಸುತ್ತಿದ್ದಳು. ನಾನು ಹೇಳಿದ್ದನ್ನು ಪೂರ್ತಿ ಕೇಳಿದಳು. ಕೈ ನಿಲ್ಲಿಸಲಿಲ್ಲ. ಬಾಗಿಲವರೆಗೆ ಸಾರಿಸುತ್ತ ಬಂದು, ನನ್ನ ಚಪ್ಪಲಿಗೆ ಒಂದು ಗೇಣು ದೂರದಲ್ಲಿ ಅಂಗೈಯಿಂದ ಅಂಚು ಎಳೆದಳು.

"ನಾವು ಇಲ್ಲೇ ಇರ್ತೀವ್ರಿ," ಎಂದಳು. "ನೆಲ ಹಸಿ ಐತಿ. ಅಲ್ಲೇ ನಿಲ್ರಿ ಅಕ್ಕಾರೆ."

ನಾನು ಅಲ್ಲೇ ನಿಂತೆ.