ಆಲೆಮನೆಗೆ ಬಂದ ಬಿಳಿ ಗೆಡ್ಡೆ

ಶ್ರೀರಂಗಪಟ್ಟಣದ ಸ್ಟೇಷನ್ನಿನಲ್ಲಿ ರೈಲು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಷ್ಟರಲ್ಲೇ ನಿಕೊಲಾಯ್ ಮೊದಲು ಒಂದು ಮೂಟೆಯನ್ನು, ಆಮೇಲೆ ಪೆಟ್ಟಿಗೆಯನ್ನು, ಕೊನೆಗೆ ತನ್ನನ್ನು ಕೆಳಗಿಳಿಸಿದ. ಹದಿನಾಲ್ಕು ವರ್ಷಗಳ ನಂತರ ನಾನು ಅವನನ್ನು ನೋಡುತ್ತಿದ್ದೆ. ಅವನು ಎಡಚ ಎಂದು ನನಗೆ ಖಚಿತವಾಗಿ ನೆನಪಿತ್ತು. ಅವನು ಬಲಗೈಯಲ್ಲಿ ಮೂಟೆ ಎತ್ತಿದ, ಬಲಗೈಯಲ್ಲೇ ಸಿಗರೇಟು ಹಚ್ಚಿದ. ನನಗೆ ಸಣ್ಣಗೆ ಭಯವಾಯಿತು. ಏಕೆಂದರೆ ಅವನು ಅಷ್ಟು ದೂರದಿಂದ ಬಂದದ್ದು ನನ್ನ ನೆನಪೊಂದನ್ನು ನಂಬಿ.

ನಾನು ನಾಗಮಂಗಲದ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಸ್ಕಾಲರ್‌ಶಿಪ್ ಮೇಲೆ ರಷ್ಯಾದಲ್ಲಿ ಓದುತ್ತಿದ್ದಾಗ ಒಂದು ವರ್ಷ ವಿದ್ಯಾರ್ಥಿಗಳನ್ನೆಲ್ಲ ಸಕ್ಕರೆ ತೆಗೆಯುವ ಬಿಳಿ ಬೀಟ್ ಗೆಡ್ಡೆ ಕೀಳಲು ಒಂದು ಪುಟ್ಟ ಊರಿಗೆ ಕಳಿಸಿದ್ದರು. ಅಲ್ಲಿ ನಾಲ್ಕು ಬೀದಿ, ಒಂದು ಸಕ್ಕರೆ ಕಾರ್ಖಾನೆ. ಊರಿಗೆ ಬೇರೆ ಹೆಸರಿದ್ದರೂ ಜನ ಅದನ್ನು ‘ಜವೋದ್’, ಅಂದರೆ ಕಾರ್ಖಾನೆ, ಎಂದೇ ಕರೆಯುತ್ತಿದ್ದರು. ನಾನು ಉಳಿದದ್ದು ಅಲ್ಲಿನ ಬಾಯ್ಲರ್ ಮೇಸ್ತ್ರಿ ನಿಕೊಲಾಯ್‌ನ ಮನೆಯಲ್ಲಿ. ಚಳಿಗಾಲದ ರಜೆಗೂ ಮತ್ತೆ ಅಲ್ಲಿಗೇ ಹೋಗಿದ್ದೆ.

ಪಾಂಡವಪುರದ ಬಸ್ಸಿಗೆ ತಲಾ ಮೂರು ರೂಪಾಯಿ, ಮೂಟೆಗೆ ಇನ್ನೂ ಎರಡು.

“ಏನ್ ಸಾ, ಮೂಟೇಲಿ?” ಎಂದ ಕಂಡಕ್ಟರ್.

“ಗೆಡ್ಡೆ.”

“ರಷ್ಯಾದಿಂದ ಗೆಡ್ಡೆ ಒತ್ಕೊಂಡ್ ಬಂದವ್ರಾ? ನಮ್ಮಲ್ಲಿ ಗೆಣಸು ಸತ್ತೋಗಿತ್ತಾ?” ಬಸ್ಸೆಲ್ಲ ನಕ್ಕಿತು. ಅರ್ಥವಾಗದಿದ್ದರೂ ನಿಕೊಲಾಯ್ ಎಲ್ಲರಿಗಿಂತ ಜೋರಾಗಿ ನಕ್ಕ.

ದಾರಿಯುದ್ದಕ್ಕೂ ಅವನು ಊರಿನ ಸುದ್ದಿ ಹೇಳಿದ. ಕ್ರಾಂತಿಗೂ ಮುಂಚೆ ಒಬ್ಬ ಜಮೀನ್ದಾರ ರೈಲು ಹಳಿಯ ಪಕ್ಕ ಕಾರ್ಖಾನೆ ಕಟ್ಟಿಸಿದ. ಕ್ರಾಂತಿಯಾದ ಮೇಲೆ ಅದು ಸರ್ಕಾರದ್ದಾಯಿತು. ಯುದ್ಧದಲ್ಲಿ ಸುಟ್ಟುಹೋದದ್ದನ್ನು ಅಲ್ಲಿಯ ಹೆಂಗಸರೇ ಇಟ್ಟಿಗೆ ಹೊತ್ತು ಎಬ್ಬಿಸಿದರು. ವರ್ಷಕ್ಕೆ ನಾಲ್ಕು ತಿಂಗಳು ಸಕ್ಕರೆ, ಉಳಿದ ತಿಂಗಳೆಲ್ಲ ರಿಪೇರಿ. ಶಾಲೆ, ಸ್ನಾನದ ಮನೆ, ಸಿನಿಮಾ ಹಾಲು ಎಲ್ಲವೂ ಕಾರ್ಖಾನೆಯವೇ. ಬಾಯ್ಲರಿನ ಬಿಸಿನೀರು ಕೊಳವೆಗಳಲ್ಲಿ ಹರಿದು ಪ್ರತಿ ಮನೆಯನ್ನೂ ಬೆಚ್ಚಗಿಡುತ್ತಿತ್ತು.

“ಲಾರಿ ದಾಟಲಿ ಅಂತ ಆ ಕೊಳವೆ ರಸ್ತೆ ಮೇಲೆ ಕಮಾನಿನ ಹಾಗೆ ಎದ್ದಿತ್ತಲ್ಲ? ಬೆಳ್ಳಿ ಬಣ್ಣ?” ಎಂದೆ.

“ಕಮಾನು ಸರಿ. ಬಣ್ಣ ಹಸಿರು.”

ಒಕ್ಕೂಟ ಒಡೆದ ಮೇಲೆ ಮೊದಲು ಸಂಬಳದ ಬದಲು ಸಕ್ಕರೆ ಚೀಲ ಕೊಟ್ಟರಂತೆ. ಜನ ಅದನ್ನು ರೈಲಿನ ಕಿಟಕಿಗಳ ಕೆಳಗೆ ನಿಂತು ಮಾರಿದರು. ಆಮೇಲೆ ಕಾರ್ಖಾನೆಯೇ ನಿಂತಿತು, ಕೊಳವೆಗಳು ತಣ್ಣಗಾದವು. ಎರಡು ಬೆಳೆ ಹೊಲದಲ್ಲೇ ಕೊಳೆಯಿತು. ಅವನ ಪತ್ರದಲ್ಲಿ ಇದನ್ನು ಓದಿ ನಾನೇ ಮರುಕಾಗದ ಬರೆದಿದ್ದೆ: “ನಿನ್ನ ಅಮ್ಮ ಮನೆಯ ಒಲೆಯಲ್ಲಿ ಗೆಡ್ಡೆಯ ರಸ ಕಾಯಿಸಿ ಗಟ್ಟಿ ಉಂಡೆ ಮಾಡಿಕೊಟ್ಟಿದ್ದರು. ನಮ್ಮಲ್ಲೂ ಕಾರ್ಖಾನೆ ಇಲ್ಲದೆ ಹಾಗೇ ಬೆಲ್ಲ ಮಾಡುತ್ತಾರೆ. ಬಂದು ನೋಡು.”

“ಅಮ್ಮ ಗಟ್ಟಿ ಉಂಡೆ ಮಾಡಿದ್ದು ನನಗೆ ನೆನಪಿಲ್ಲ,” ಎಂದ ಅವನು ಈಗ. “ಆದರೆ ನೀನು ಓದಿದವನು, ಸುಳ್ಳು ಬರೆಯುವುದಿಲ್ಲ ಅಂತ ಬಂದೆ. ಇದೊಂದು ಕಲಿತುಹೋದರೆ ನಾಲ್ಕು ಬೀದಿಗೂ ಕೆಲಸ ಸಿಗುತ್ತದೆ.”

ಪಾಂಡವಪುರದಿಂದ ಎರಡು ಮೈಲಿ ಆಚೆ ನನ್ನ ಸೋದರಮಾವ ಸಿದ್ದೇಗೌಡರ ಆಲೆಮನೆ. ದೂರದಲ್ಲಿ ಸಕ್ಕರೆ ಕಾರ್ಖಾನೆಯ ಚಿಮಣಿ ಹೊಗೆಯಾಡುತ್ತಿತ್ತು. ನಿಕೊಲಾಯ್ ಅದನ್ನು ಬಹಳ ಹೊತ್ತು ನೋಡಿದ. ಮಾವ ಕೈಗೆ ಕಬ್ಬಿನ ಹಾಲು ಕೊಟ್ಟು, ಗೆಡ್ಡೆಯೊಂದನ್ನು ಹಿಡಿದು ಮೂಸಿದರು.

“ಇದ್ರಲ್ಲಿ ಸಕ್ರೆ ಐತೇನ್ಲಾ? ಮೂಲಂಗಿ ಇದ್ದಂಗದೆ.”

“ಇದೆ ಮಾವ. ಬೆಲ್ಲ ಕಟ್ಟುತ್ತಾ ನೋಡ್ಬೇಕು.”

“ನಲ್ವತ್ ವರ್ಸ ಪಾಕ ಇಡ್ದಿವ್ನಿ ಕಣ್ಲಾ. ಸಿಹಿ ಅಂತ ಇದ್ಮೇಲೆ ಕಟ್ದೆ ಎಲ್ಲೋದಾತು?”

ಆ ಧೈರ್ಯದಲ್ಲೇ ಅವರು ಎರಡು ಗೆಡ್ಡೆಯನ್ನು ಕಬ್ಬಿನಂತೆ ಗಾಣಕ್ಕೆ ಕೊಟ್ಟರು. ಗಾಣ ಅವನ್ನು ಪುಡಿಮಾಡಿ ಎಲ್ಲರ ಮುಖಕ್ಕೂ ಉಗಿಯಿತು. ಮಾವ ಮೀಸೆ ಒರೆಸಿಕೊಂಡರು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕು, “ಗೆಡ್ಡೆ ಯಾರಾದ್ರೂ ಗಾಣಕ್ಕಾಕ್ತಾರಾ? ತಗಳಿ ಇತ್ತ,” ಎಂದು ತೆಂಗಿನಕಾಯಿ ತುರಿಮಣೆಯ ಮುಂದೆ ಕುಳಿತರು. ತುರಿದದ್ದನ್ನು ಬಿಸಿನೀರಿನಲ್ಲಿ ನೆನೆಸಿ ಪಂಚೆಯಲ್ಲಿ ಹಿಂಡಿದೆವು. ನೋಡನೋಡುತ್ತಿದ್ದಂತೆ ರಸ ಕಪ್ಪಾಯಿತು.

ಇಷ್ಟು ರಸಕ್ಕೆ ಕೊಪ್ಪರಿಗೆ ಬೇಡವೆಂದು ಬಾಣಲೆ ಇಟ್ಟರು. ಕಬ್ಬಿಗೆ ಮಾಡುವಂತೆ ಸುಣ್ಣದ ತಿಳಿ, ಬೆಂಡೆಗಿಡದ ಲೋಳೆ ಹಾಕಿದರು. ಮೇಲೆದ್ದ ಮಡ್ಡಿಯನ್ನು ನಿಕೊಲಾಯ್‌ನೇ ಜಾಲರಿಯಲ್ಲಿ ತೆಗೆದ. ಬೆಂಕಿ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಮಾವನಿಗೂ ಅವನಿಗೂ ಭಾಷೆ ಇಲ್ಲದೆ ಮಾತಾಯಿತು. “ಆಳು ಗೊತ್ತಿರೋನು ಕಣ್ಲಾ,” ಎಂದರು ಮಾವ.

ಸಂಜೆಗೆ ಪಾಕ ಬಂತು. ಮಾವ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಲು ನೋಡಿದರು. ಕಬ್ಬಿನದಾದರೆ ಅಷ್ಟು ಹೊತ್ತಿಗೆ ಗೋಲಿಯಾಗುತ್ತಿತ್ತು. ಇದು ಬೆರಳಿನಿಂದ ಬೆರಳಿಗೆ ಎಳೆಯಾಗಿ ಜೋತಾಡಿತು. ಇನ್ನೂ ಕಾಯಿಸಿದರು, ಇನ್ನೂ ಎಳೆ. ಇನ್ನೊಂದು ಉರಿ ಕೊಟ್ಟರೆ ಸೀದುಹೋಗುತ್ತಿತ್ತು. ಅಚ್ಚಿಗೆ ಸುರಿದದ್ದು ಬೆಳಿಗ್ಗೆ ಎದ್ದು ನೋಡಿದಾಗಲೂ ಜೇನಿನ ಹಾಗೆ ಹರಿಯುತ್ತಿತ್ತು.

“ಕಟ್ನಿಲ್ಲ,” ಎಂದರು ಮಾವ, ಮುಖ ತಿರುಗಿಸಿಕೊಂಡು. “ನೀನ್ ತಿಂದಿದ್ದು ಇದಲ್ಲ ಕಣ್ಲಾ. ಓದ್ದೋರ್ ನೆಪ್ಪು ಇಷ್ಟೇಯ. ಪಾಪ, ಆ ವಯ್ಯನ್ನ ಅಷ್ಟ್ ದೂರದಿಂದ ಕರ್ಸ್‌ಬುಟ್ಟೆ.”

ನಿಕೊಲಾಯ್ ಬೆರಳು ಅದ್ದಿ ನೆಕ್ಕಿದ. ಮಣ್ಣಿನ ವಾಸನೆ, ಅದರ ಹಿಂದೆ ಸಿಹಿ. “ಇದು ಅಮ್ಮನದೇ,” ಎಂದ. “ಬಾಟಲಿಯಲ್ಲಿ ಇರುತ್ತಿತ್ತು. ಗಟ್ಟಿ ಅಲ್ಲ. ರುಚಿ ಇದೇ.” ಅತ್ತೆ ಅದನ್ನೆಲ್ಲ ಒಂದು ಹಾಲಿನ ಪುಡಿ ಡಬ್ಬಕ್ಕೆ ತುಂಬಿಕೊಟ್ಟರು.

ಮರುದಿನ ನಾಗಮಂಗಲದ ನನ್ನ ಮನೆಗೆ ಹೋಗಲು ಮೊದಲು ಕೆ.ಆರ್. ಪೇಟೆಗೆ ಹೊರಟೆವು. ಬಸ್ಸು ಒಂದೂವರೆ ಗಂಟೆ ತೆಗೆದುಕೊಂಡಿತು. ಜನವರಿಯ ಬಿಸಿಲು ನಮಗೆ ಹಿತ, ಅವನಿಗೆ ಬೆವರು. ಮೆಸ್ಸಿನಲ್ಲಿ ಮುದ್ದೆ, ಹುರುಳಿ ಸಾರು ಉಂಡೆವು. ಮುದ್ದೆಯನ್ನು ಅಗಿಯಬಾರದೆಂದು ನಾನು ಹೇಳುವ ಮೊದಲೇ ಅವನು ಎರಡು ತುತ್ತು ಅಗಿದುಬಿಟ್ಟಿದ್ದ. ಕೈ ತೊಳೆಯುತ್ತಾ ಸುಮ್ಮನೆ ಕೇಳಿದೆ:

“ಆ ಬಾಟಲಿಯನ್ನು ಅಮ್ಮ ಎಲ್ಲಿಡುತ್ತಿದ್ದರು?”

“ಎಲ್ಲಿ ಅಂದರೆ? ಚಳಿಗಾಲದಲ್ಲಿ ಎಲ್ಲರೂ ಇಡುವ ಕಡೆ. ಕಿಟಕಿಯ ಎರಡು ಗಾಜಿನ ಮಧ್ಯೆ.”

ಅವರ ಊರಿನ ಕಿಟಕಿಗಳಿಗೆ ಚಳಿ ತಡೆಯಲು ಎರಡು ಪದರ ಗಾಜು; ಆಚೆ ಮೈನಸ್ ಇಪ್ಪತ್ತು ಡಿಗ್ರಿ. ನಾನು ಅವನನ್ನು ಎಳೆದುಕೊಂಡೇ ಎದುರಿನ ಐಸ್‌ಕ್ಯಾಂಡಿ ಅಂಗಡಿಗೆ ಹೋದೆ. ಸೀಸನ್ ಅಲ್ಲ. ಅಂಗಡಿಯ ರಹಮತ್ ಸಾಬರು ಕ್ಯಾಂಡಿ ಹೆಪ್ಪುಗಟ್ಟಿಸುವ ಉಪ್ಪುನೀರಿನ ತೊಟ್ಟಿಯ ಮೇಲೆ ಕುಳಿತು ಬೀಡಿ ಸೇದುತ್ತಿದ್ದರು. ಕ್ಯಾಂಡಿಯ ಅಚ್ಚಿಗೆ ಎರಡು ಚಮಚ ಪಾಕ ಹಾಕಿ ತೊಟ್ಟಿಗಿಳಿಸಿ ಎಂದು ಕೇಳಿದೆ.

“ಅರೆ ಭಾಯ್, ಇದು ಏನು, ಟಾರಾ? ನನ್ನ ಅಚ್ಚು ಹಾಳಾದ್ರೆ?”

“ಅಚ್ಚಿನ ದುಡ್ಡು ನಂದು.”

ಗಂಟೆ ಕಳೆದ ಮೇಲೆ ಅಚ್ಚನ್ನು ಕಲ್ಲಿಗೆ ಬಡಿದರು. ಕಪ್ಪು ಉಂಡೆಯೊಂದು ಠಣ್ ಎಂದು ನೆಲಕ್ಕೆ ಬಿದ್ದು ಎರಡು ಹೋಳಾಯಿತು. ಸಾಬರು ಒಂದು ಚೂರು ಬಾಯಿಗೆ ಹಾಕಿಕೊಂಡು, “ಮಣ್ಣು ತಿಂದಂಗೆ. ಇನ್ನೊಂದು ಚೂರು ಕೊಡಿ,” ಎಂದರು.

ನಿಕೊಲಾಯ್ ಉಳಿದದ್ದನ್ನು ಕೆನ್ನೆಯಲ್ಲಿಟ್ಟುಕೊಂಡು ನನ್ನ ಭುಜಕ್ಕೆ ಗುದ್ದಿದ. ನಾನು ಗಟ್ಟಿ ಉಂಡೆ ತಿಂದದ್ದು ನಿಜ. ಅದನ್ನು ಕಟ್ಟಿದ್ದು ಅಮ್ಮನ ಕೈ ಅಲ್ಲ, ಆ ಊರಿನ ಚಳಿ. “ಬೇಸಿಗೆಯಲ್ಲಿ ಬಾಟಲಿಯಲ್ಲಿ ಮಾರುತ್ತೇವೆ,” ಎಂದು ಲೆಕ್ಕ ಹಾಕತೊಡಗಿದ. “ಚಳಿಗಾಲದಲ್ಲಿ ಉಂಡೆ. ಚಳಿ ನಮ್ಮಲ್ಲಿ ಪುಕ್ಕಟೆ. ರೈಲು ಅದೇ, ಕಿಟಕಿ ಅದೇ. ತುರಿಮಣೆ ಒಂದು ಬೇಕು.”

ನಾಗಮಂಗಲ ತಲುಪಿದಾಗ ಸಂಜೆ. ಪಾತ್ರೆ ಅಂಗಡಿಯಲ್ಲಿ ತುರಿಮಣೆ ಕೊಂಡೆವು. ರಾತ್ರಿ ನಮ್ಮ ಮನೆಯಲ್ಲಿ ನಿಕೊಲಾಯ್ ಅದರ ಹಲ್ಲುಗಳನ್ನು ಕಾಗದದ ಮೇಲೆ ಅಳತೆಯಿಟ್ಟು ಬರೆದುಕೊಂಡ. ಅದು ಹೊಸದಾಗಿ ಕೆಲಸಕ್ಕೆ ಸೇರಿದವನ ಶ್ರದ್ಧೆ.

ಬೆಳಿಗ್ಗೆ ಬೆಂಗಳೂರಿನ ಬಸ್ಸು ಹತ್ತಿಸಿದೆ. ಪೆಟ್ಟಿಗೆ, ತುರಿಮಣೆ ಮೇಲಕ್ಕೆ ಹೋದವು. ಡಬ್ಬವನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ. “ಮುಂದಿನ ಚಳಿಗಾಲದಲ್ಲಿ ಬಾ, ಕಿಟಕಿಯಲ್ಲಿ ಇಟ್ಟಿರುತ್ತೇನೆ,” ಎಂದ. “ಕೊಳವೆಯ ಬಣ್ಣವನ್ನೂ ನೋಡುವೆಯಂತೆ.”

ಬಸ್ಸು ತಿರುಗುವಾಗ ಕಿಟಕಿಯಿಂದ ಕೈ ಬೀಸಿದ. ಎಡಗೈ. ಬಲಗೈ ಡಬ್ಬವನ್ನು ಅಪ್ಪಿಕೊಂಡಿತ್ತು. ಹಾಗಾಗಿ ಇದನ್ನು ನನ್ನ ನೆನಪಿಗೆ ಸಾಕ್ಷಿಯೆಂದು ನಾನು ತೆಗೆದುಕೊಳ್ಳುವುದಿಲ್ಲ.