ಖಾಲಾ ಹೆಬ್ಬೆಟ್ಟು ಒತ್ತದ ಅರ್ಜಿ

ಹೋದ ವಾರ ಮುಗದ ಹಳ್ಳಿಯಿಂದ ಒಬ್ಬರು ನನ್ನ ಝೆರಾಕ್ಸ್ ಅಂಗಡಿಗೆ ಅರ್ಜಿ ಟೈಪ್ ಮಾಡಿಸಲು ಬಂದರು. ಬೀದಿನಾಯಿಗಳು ಅವರ ಹದಿನಾಲ್ಕು ಕೋಳಿಗಳನ್ನು ಕೊಂದು ಹಾಕಿದ್ದವು. ಪಂಚಾಯ್ತಿಗೆ ಕೊಡುವ ಅರ್ಜಿಯನ್ನು ಅವರೇ ನೋಟುಬುಕ್ಕಿನ ಹಾಳೆಯಲ್ಲಿ ಬರೆದು ತಂದಿದ್ದರು. ಮೇಲೆ ಕೆಂಪು ಶಾಯಿಯಲ್ಲಿ, ಎರಡೆರಡು ಗೆರೆ ಎಳೆದು, 'ಕೋಳಿಗಳ ಮಾರಣಹೋಮ' ಎಂದಿತ್ತು.

ನನ್ನ ಬೆರಳುಗಳು ನಿಂತವು. ನಾನು ಟೈಪ್ ಮಾಡುವುದೇ ಎರಡು ಬೆರಳಿನಿಂದ, ಅವು ನಿಂತರೆ ಅಂಗಡಿಯೇ ನಿಂತ ಹಾಗೆ.

"ಯಾಕ್ರಿ, ಕರೆಂಟ್ ಹೋತೇನು?" ಎಂದರು.

"ಇಲ್ಲರಿ. ಈ ತಲೆಬರಹ ಬದಲಿ ಮಾಡೂಣೇನು? 'ನಾಯಿ ಕೋಳಿ ಕೊಂದ ಬಗ್ಗೆ' ಅಂತ ಹಾಕೂಣು."

"ಅದರಾಗ ಏನ ಜೋರ ಐತ್ರಿ? ಪೇಪರನ್ಯಾಗ ಹಿಂಗ ಬರೀತಾರ ನೋಡ್ರಿ."

ಕೊನೆಗೆ ನಾನು ಹೇಳಿದ್ದೇ ಆಯಿತು. ಆದರೆ ಅವರಿಗೆ ಸಮಾಧಾನವಾಗಲಿಲ್ಲ. ಇವನಿಗೆ ಬರೆಯಲು ಬರುವುದಿಲ್ಲ ಎನ್ನುವ ಹಾಗೆ ನನ್ನನ್ನೊಮ್ಮೆ ನೋಡಿ ಬಸ್ಸಿಗೆ ಹೋದರು. ಅವರು ಹೋದ ಮೇಲೆ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ರಸ್ತೆಗೆ ಬಂದು ನಿಂತೆ, ಮತ್ತೆ ಒಳಗೆ ಹೋದೆ, ಬಿಳಿ ಹಾಳೆಗಳನ್ನು ಸುಮ್ಮನೆ ಜೋಡಿಸಿಟ್ಟೆ. ಪೇಪರಿನಲ್ಲಿ ಹೀಗೆ ಬರೆಯುತ್ತಾರೆ ಎಂಬ ಮಾತನ್ನು ಹತ್ತು ವರ್ಷದ ಹಿಂದೆ ನಾನೇ ಒಬ್ಬಳಿಗೆ ಹೇಳಿದ್ದೆ.

ಇಲ್ಲಿ ನನ್ನ ಓದಿನ ಕತೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಆ ತಪ್ಪು ನಿಮಗೆ ಅರ್ಥವಾಗಲಿಕ್ಕಿಲ್ಲ. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಹುಬ್ಬಳ್ಳಿಯ ಕಾಳಿನ ಪೇಟೆಯಲ್ಲಿ ಇಪ್ಪತ್ತು ವರ್ಷ ಚೀಲ ಹೊತ್ತೆ. ಬೆನ್ನು ಕೈಕೊಟ್ಟಾಗ, ಮೂವತ್ತೇಳು ವರ್ಷದವನು, ಹತ್ತನೆಯ ಪರೀಕ್ಷೆಗೆ ಕೂತೆ. ನನಗೆ ಕನ್ನಡ ಕಲಿಸಿದ್ದು ಪಠ್ಯಪುಸ್ತಕವಲ್ಲ, ದಿನಪತ್ರಿಕೆಯ ತಲೆಬರಹ. ಅಕ್ಷರ ದೊಡ್ಡದಾಗಿರುತ್ತಿತ್ತು, ವಾಕ್ಯ ಬೇಗ ಮುಗಿಯುತ್ತಿತ್ತು, ನನ್ನಂಥವನಿಗೆ ಅನುಕೂಲ. ತತ್ತರ, ಕಂಗಾಲು, ಭುಗಿಲೆದ್ದ ಎನ್ನುವಂಥ ಮಾತುಗಳನ್ನು ಹಳೆಯ ಡೈರಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಮನೆಯಲ್ಲಿ ಗ್ಯಾಸ್ ಮುಗಿದ ದಿನ 'ಇಂಧನ ಕೊರತೆ, ಕುಟುಂಬ ತತ್ತರ' ಎಂದು ಹೇಳಿ ಹೆಂಡತಿಯಿಂದ ಬೈಸಿಕೊಂಡಿದ್ದೇನೆ.

ಪೇಪರ್ ಓದುತ್ತಿದ್ದುದು ಹುಬ್ಬಳ್ಳಿ ಬದಿಯ ಉಣಕಲ್ಲಿನಲ್ಲಿ, ರಸ್ತೆ ಬದಿಯ ಬೇವಿನ ಮರದ ಕೆಳಗೆ. ಅಲ್ಲಿ ದಸ್ತಗೀರನ ಪಂಕ್ಚರ್ ಅಂಗಡಿ ಇತ್ತು. ಪಕ್ಕದಲ್ಲೇ ಮರಕ್ಕೆ ಬೆನ್ನು ಕೊಟ್ಟು ಅವನ ತಾಯಿ ಚಹಾ ಮಾರುತ್ತಿದ್ದಳು. ಎಲ್ಲರಿಗೂ ಆಕೆ ಖಾಲಾ, ಚಿಕ್ಕಮ್ಮ ಇದ್ದ ಹಾಗೆ. ಆಗಲೇ ಎಪ್ಪತ್ತು ದಾಟಿದ್ದಳು. ಅಕ್ಷರ ಬರುತ್ತಿರಲಿಲ್ಲ, ಹಾಗಾಗಿ ನಾನು ಗಟ್ಟಿಯಾಗಿ ಓದುತ್ತಿದ್ದೆ. 'ಉಳ್ಳಾಗಡ್ಡಿ ಬೆಲೆ ಗಗನಕ್ಕೆ' ಎಂದು ಓದಿದರೆ, "ಕೆಳಗ ಇಳದಿಂದ ಹೇಳು, ಅಲ್ಲೀತನಾ ಚಾ ಕುಡಿ" ಎನ್ನುತ್ತಿದ್ದಳು. ಹತ್ತನೆಯದು ಪಾಸಾದಾಗ ನನಗೆ ಪೇಢೆ ತಿನ್ನಿಸಿದವರಲ್ಲಿ ಆಕೆಯೇ ಮೊದಲು.

ನಾನು ಝೆರಾಕ್ಸ್ ಅಂಗಡಿ ಇಟ್ಟ ಮೇಲೆ ರಸ್ತೆ ಅಗಲ ಮಾಡುವ ಕೆಲಸ ಬಂತು. ಒಂದು ದಿನ ಮರಗಳ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬಿದ್ದವು. ಬೇವಿನ ಮರ ಹೋದರೆ ಅದರ ಕೆಳಗಿನ ಅಂಗಡಿಯೂ ಹೋಗುವುದು. ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮರಗಳನ್ನು ಉಳಿಸಬೇಕು, ಆಗದಿದ್ದರೆ ದಸ್ತಗೀರನಿಗೆ ಬದಲಿ ಜಾಗವನ್ನಾದರೂ ಕೊಡಬೇಕು ಎಂದು ಮೂರು ದಿನ ಕೂತು ಟೈಪ್ ಮಾಡಿದೆ. ಪ್ರತಿ ಹಾಳೆಯ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿದ್ದೆ: 'ಮರಗಳ ಮಾರಣಹೋಮ ನಿಲ್ಲಿಸಿ'. ಡೈರಿಯಲ್ಲಿದ್ದ ಮಾತುಗಳಲ್ಲೆಲ್ಲ ದೊಡ್ಡದು ಅದು. ಅದನ್ನು ಬಳಸುವ ದಿನಕ್ಕಾಗಿ ನಾನು ಕಾಯುತ್ತಿದ್ದೆ ಎಂದರೂ ಸುಳ್ಳಲ್ಲ.

ಎಂಬತ್ತು ಸಹಿ ಆದವು. ಕೊನೆಗೆ ಖಾಲಾ ಹತ್ತಿರ ಹೋದೆ. ಅಂಗಡಿಯ ಪರವಾನಗಿ ಆಕೆಯ ಹೆಸರಿಗಿದ್ದುದರಿಂದ ಬೇಕಾಗಿದ್ದದ್ದು ಆಕೆಯದೇ. ಹೆಬ್ಬೆರಳಿಗೆ ಶಾಯಿ ಹಚ್ಚಿದೆ. ದಸ್ತಗೀರ ಟ್ಯೂಬ್ ತರಲು ಹುಬ್ಬಳ್ಳಿಗೆ ಹೋಗಿದ್ದ.

"ಮೊದ್ಲ ಓದು," ಎಂದಳು. ಓದಿದೆ.

"ಆ ಮ್ಯಾಲಿಂದ ಏನದು?"

"ಮಾರಣಹೋಮ ಅಂದ್ರ ಖಾಲಾ, ಒಬ್ಬರನ್ನೂ ಬಿಡದಂಗ ಎಲ್ಲಾರನ್ನೂ ಕಡದ ಹಾಕೂದು." ಹೇಳುವಾಗ ನನ್ನ ದನಿಯಲ್ಲಿ ಮಾಸ್ತರಿಕೆ ಇತ್ತು.

ಆಕೆ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಸ್ಟೋವ್ ಆರಿಸಿದಳು.

"ಮರಾ ಕಡೀತಾರ ಅಂತ ಬರಿ ತಮ್ಮಾ. ಅದೇನ ಸಣ್ಣ ಮಾತಲ್ಲ. ಖರೇ ಅದು ಬ್ಯಾರೆ, ಇದು ಬ್ಯಾರೆ."

"ಪೇಪರನ್ಯಾಗ ಹಿಂಗ ಬರೀತಾರ ಖಾಲಾ."

"ಬರಿಯಾವ್ರು ನೋಡಿರಂಗಿಲ್ಲ."

ಮಗ ಬರುತ್ತಾನೇನೋ ಎಂದು ಒಮ್ಮೆ ರಸ್ತೆಯ ಕಡೆ ನೋಡಿದಳು. ಆಮೇಲೆ ಹೇಳಿದಳು. ನಾನು ಏನನ್ನೂ ಸೇರಿಸದೆ, ನೆನಪಿರುವಷ್ಟನ್ನು ಬರೆಯುತ್ತೇನೆ.

"ನಾ ಆರ ವರ್ಷದಾಕಿ. ನಿಜಾಮನ ರಾಜ್ಯ ಆಗಷ್ಟ ಮುಗದಿತ್ತು. ಮುಂಜಾನೆ ಮಂದಿ ಬಂದ್ರು. ನಮ್ಮವ್ವ ನನ್ನ ತೊಗರಿ ಹೊಲದಾಗ ಕುಂಡ್ರಿಸಿ, 'ನಾ ಕೂಗಿದ್ರೂ ಬರಬ್ಯಾಡ' ಅಂದ್ಲು. ಆಕಿ ಕೂಗಿದ್ಲು. ನಾ ಹೋಗಲಿಲ್ಲ. ಸಂಜಿಗೆ ಎದ್ದ ನೋಡಿದ್ರ ನಮ್ಮ ಓಣ್ಯಾಗ ಗಂಡಸ್ರು ಒಬ್ರೂ ಉಳದಿರಲಿಲ್ಲ. ನಮ್ಮವ್ವನೂ ಇರಲಿಲ್ಲ. ಅದಕ್ಕಿಂತ ಮೊದ್ಲ ನಿಜಾಮನ ರಜಾಕಾರರಿಗೆ ಹೆದರಿ ಊರ ಬಿಟ್ಟ ಓಡಿದವ್ರೂ ಇದ್ರು, ನಮ್ಮ ಬಾಜೂ ಮನಿಯವ್ರ. ಅವ್ರ ದುಃಖಾನೂ ನಾ ಸಣ್ಣದು ಅನ್ನಂಗಿಲ್ಲ. ಖರೇ ನಾವು ಯಾರೂ ಅದಕ್ಕ ಹೆಸರ ಇಡಲಿಲ್ಲ. ಆ ದಿವಸ ಅಂತೇವಿ, ಅಷ್ಟ."

ಸ್ಟೋವ್ ಮತ್ತೆ ಹಚ್ಚಿ, "ದಸ್ತಗೀರಗ ಹೇಳಬ್ಯಾಡ. ಅಂವ ಎಲ್ಲಾರ ಗಾಡೀನೂ ರಿಪೇರಿ ಮಾಡಾಂವ. ಬಂದವ್ರ ಮಾರಿ ನೋಡಿ ವಿಚಾರ ಮಾಡೂಹಂಗ ಆಗಬಾರ್ದು," ಎಂದಳು.

ಆಗ ನಾನು ಆ ಹಾಳೆಗಳನ್ನು ಮಡಚಿ ಎದ್ದು ಬರಬೇಕಿತ್ತು. ನಾನು ಏನು ಅಂದೆ ಗೊತ್ತೇ?

"ಖಾಲಾ, ಎಂಬತ್ತ ಸಹಿ ಆಗ್ಯಾವ. ಈಗ ಬದಲಿ ಮಾಡಿದ್ರ ಎಲ್ಲಾರ ಕಡೆ ಮತ್ತ ಹೋಗಬೇಕಾಕ್ಕೇತಿ."

"ಹೋಗು. ಕಾಲ ಅದಾವಲ್ಲ ನಿನಗ."

ಕಾಲು ಇದ್ದವು, ಹೋಗಲಿಲ್ಲ. ನಿಜ ಹೇಳಬೇಕೆಂದರೆ ಕಾಲಿನದಲ್ಲ ಪ್ರಶ್ನೆ, ಆ ಶಬ್ದ ಬಿಡಲು ಮನಸ್ಸಾಗಲಿಲ್ಲ. ಅಷ್ಟು ಕಷ್ಟಪಟ್ಟು ಕಲಿತದ್ದು, ನನ್ನದು ಎನಿಸಿತ್ತು. ಆಕೆಯ ಹೆಸರಿನ ಮುಂದೆ ಖಾಲಿ ಬಿಟ್ಟು ಅರ್ಜಿಯನ್ನು ರಸ್ತೆ ಕೆಲಸದ ಕಚೇರಿಗೆ ಕೊಟ್ಟೆ.

ಅಲ್ಲಿನ ಸಾಹೇಬರು ಮೇಲಿನ ಸಾಲನ್ನು ಗಟ್ಟಿಯಾಗಿ ಓದಿದರು. "ಮಾರಣಹೋಮ ಆಗೇತಂತ ನೋಡ್ರಿ. ಎಷ್ಟ ಹೆಣಾ ಬಿದ್ದಾವ್ರಿ ಯಜಮಾನ್ರ?" ಎಂದರು. ಕೋಣೆಯಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಈ ಬರಹದಲ್ಲಿ ಎಲ್ಲಕ್ಕಿಂತ ನಿಧಾನವಾಗಿ ಟೈಪ್ ಮಾಡಿದ ಮಾತು ಅದು: ನಾನೂ ನಕ್ಕೆ. ಆಮೇಲೆ ಅವರು ಹಾಳೆ ತಿರುವಿ, "ಅಂಗಡಿ ಯಾರ ಹೆಸರಿಲೆ ಐತಿ ಅವ್ರ ಸಹೀನ ಇಲ್ಲಲ್ರಿ," ಎಂದು ಅರ್ಜಿಯನ್ನು ಬದಿಗಿಟ್ಟರು.

ಮರ ಹೇಗೂ ಉಳಿಯುತ್ತಿರಲಿಲ್ಲ. ಬದಲಿ ಜಾಗ ಸಿಗುತ್ತಿತ್ತೇನೋ, ಅದೂ ಸಿಗಲಿಲ್ಲ. ದಸ್ತಗೀರ ಹಿಂದಿನ ಓಣಿಯಲ್ಲಿ ಒಂದು ತಗಡಿನ ಕೆಳಗೆ ಅಂಗಡಿ ಇಟ್ಟ. ಖಾಲಾ ಚಹಾ ಮಾರುವುದು ನಿಂತಿತು. ನಾನು ಮನೆಗೆ ಹೋದರೆ ಮೊದಲಿನ ಹಾಗೇ ಚಹಾ ಕೊಡುತ್ತಿದ್ದಳು. ಏನು ಓದಿದೆ ಎಂದು ಮಾತ್ರ ಕೇಳುತ್ತಿರಲಿಲ್ಲ. ನಾಲ್ಕು ವರ್ಷಕ್ಕೆ ತೀರಿಕೊಂಡಳು.

ಕೋಳಿಯವರು ಬಂದು ಹೋದ ಮರುದಿನದಿಂದ ಇದನ್ನು ಬರೆಯತೊಡಗಿದೆ. ತೊಗರಿ ಹೊಲದ ಮಾತಿಗೆ ಬಂದಾಗ ಮುಂದೆ ಹೋಗಲಾಗಲಿಲ್ಲ. ಮಗನಿಗೆ ಹೇಳಬೇಡ ಎಂದದ್ದನ್ನು ಊರಿಗೆಲ್ಲ ಹೇಳಲು ಹೊರಟಿದ್ದೆ. ಎರಡು ದಿನ ಒದ್ದಾಡಿ, ಮಾತು ಮುರಿಯುವುದೇ ಆದರೆ ಅವನ ಮುಂದೆಯೇ ಮುರಿಯಬೇಕು ಎಂದುಕೊಂಡು ಹಾಳೆಗಳನ್ನು ಹಿಡಿದು ದಸ್ತಗೀರನ ಹತ್ತಿರ ಹೋದೆ.

"ಯಾರದ್ರಿ ಅಣ್ಣಾ ಈ ಅರ್ಜಿ?"

"ನಿಮ್ಮವ್ವಂದು," ಎಂದು ಓದಿದೆ.

ಅವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಹಾಗೇ ಹಿಡಿದಿದ್ದ. ಗುಳ್ಳೆ ಬರುತ್ತಲೇ ಇದ್ದವು, ತೂತು ಎಲ್ಲಿದೆ ಎಂದು ಅವನು ನೋಡಲಿಲ್ಲ.

"ಆಕಿ ಅವ್ವ ಕೂಗಿದ್ಲು ಅಂದ್ಲು?"

"ಹೂಂ."

"ಯಾವ ಊರಂತ್ರಿ ಅಣ್ಣಾ ಅದು? ನಮಗ ತವರ ಊರ ಎಂದೂ ಹೇಳಲಿಲ್ಲ ಆಕಿ."

ಇಷ್ಟು ವರ್ಷ ಅರ್ಜಿ ಬರೆದಿದ್ದೇನೆ. ಯಾರೇ ಬಂದು ಕೂತರೂ ಮೊದಲು ಹೆಸರು ಕೇಳುತ್ತೇನೆ, ಆಮೇಲೆ ಊರು. ಆ ದಿನ ಕೇಳಿರಲಿಲ್ಲ. ನನ್ನ ತಲೆಯಲ್ಲಿ ಎಂಬತ್ತು ಸಹಿ ಇದ್ದವು.

"ಕೇಳಲಿಲ್ಲ ದಸ್ತಗೀರ."

"ತೊಗರಿ ಹೊಲ ಅಂದ್ರ ಕಲಬುರ್ಗಿ ಕಡೆ ಇರಬೇಕು."

"ಇರಬೇಕು. ಬೀದರ ಕಡೆನೂ ಇರತಾವು."

"ಅಷ್ಟ ಊರಾಗ ಎಲ್ಲಿ ಹುಡಕೂದು," ಎಂದು ಟ್ಯೂಬಿನ ಕಡೆ ನೋಡಿದ. ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು.

ಇದನ್ನು ಅಚ್ಚಿಗೆ ಕೊಡಲೇ ಎಂದು ಕೇಳಿದೆ. ಅವ್ವ ಕಂಡದ್ದಕ್ಕೆ ಆ ಶಬ್ದ ಹಾಕಿದರೆ ಸರಿಯಾದೀತೇ ಎಂದೂ ಕೇಳಿದೆ. ಅವನು ಟ್ಯೂಬನ್ನು ಬದಿಗಿಟ್ಟು ಕೈ ಒರೆಸಿಕೊಂಡ.

"ಕೊಡ್ರಿ. ಅವ್ವನ ಹೆಸರೂ ಹಾಕ್ರಿ. ಆ ಶಬ್ದಾ ಮಾತ್ರ ನೀವ ಹಾಕಬ್ಯಾಡ್ರಿ. ನಾನೂ ಈಗ ಹಾಕಂಗಿಲ್ಲ. ಮೊದ್ಲ ಊರ ಗೊತ್ತಾಗ್ಲಿ."

ಆಕೆಯ ಹೆಸರು ಹುಸೇನಬಿ. ಓದುವ ನೀವು ಕಲಬುರ್ಗಿ, ಬೀದರ ಕಡೆಯವರಾಗಿದ್ದರೆ, ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ, ಬಿಡುವು ನೋಡಿ ಕೇಳಿ. ಆ ದಿವಸದ ಬಗ್ಗೆ ಕೇಳಬೇಡಿ. ಆರು ವರ್ಷದ ಹುಸೇನಬಿ ಮುಂಜಾನೆಯಿಂದ ಸಂಜೆಯವರೆಗೆ ತೊಗರಿ ಹೊಲದಲ್ಲಿ ಕೂತಿದ್ದ ಊರು ಯಾವುದು ಎಂದಷ್ಟೇ ಕೇಳಿ.